ಒಂದೇ ಕೋಣೆಯ ಮನೆಯಲ್ಲೂ ಮಕ್ಕಳ ಓದಿಗೊಂದು ಜಾಗ: 2 ಸಾವಿರ ರೂಪಾಯಿಯೊಳಗೆ ಮಾಡುವುದು ಹೇಗೆ?

ಡೊಂಬಿವಲಿಯಲ್ಲೋ ವಿರಾರ್‌ನಲ್ಲೋ ಇರುವ ಒಂದು ಒನ್ ರೂಮ್ ಕಿಚನ್ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಂಜೆ ಏಳು ಗಂಟೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ. ಹಾಲ್‌ನಲ್ಲಿ ಅಜ್ಜಿ ಧಾರಾವಾಹಿ ನೋಡುತ್ತಿದ್ದಾರೆ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದ ಅಪ್ಪ ಕಾಲು ಚಾಚಿ ಕುಳಿತಿದ್ದಾರೆ. ಐದನೇ ತರಗತಿಯ ಮಗಳು ಮಂಚದ ಮೇಲೆ ಬೋರಲು ಮಲಗಿ ಗಣಿತದ ಹೋಮ್‌ವರ್ಕ್ ಮಾಡುತ್ತಿದ್ದಾಳೆ. ಹತ್ತು ನಿಮಿಷದಲ್ಲಿ ಮೂರು ಸಲ ಎದ್ದಿದ್ದಾಳೆ. ಒಮ್ಮೆ ರಬ್ಬರ್ ಹುಡುಕಲು, ಒಮ್ಮೆ ತಮ್ಮನಿಗೆ ನೀರು ಕೊಡಲು, ಇನ್ನೊಮ್ಮೆ ಊಟದ ತಟ್ಟೆ ಇಡಲು. ರಾತ್ರಿ ಅಮ್ಮ ಪುಸ್ತಕ ತೆರೆದು ನೋಡಿದರೆ ಎರಡೇ ಲೆಕ್ಕ ಆಗಿದೆ. 'ಇವಳಿಗೆ ಓದಿನ ಮೇಲೆ ಗಮನವೇ ಇಲ್ಲ' ಎಂಬ ದೂರು ಶುರುವಾಗುವುದು ಅಲ್ಲಿಂದ.

ಆ ಹುಡುಗಿಯ ಗಮನ ಸರಿಯಾಗಿಯೇ ಇದೆ. ಕೂತು ಒಂದು ಕೆಲಸ ಮುಗಿಸಲು ಅವಳಿಗೆ ಜಾಗ ಸಿಕ್ಕಿಲ್ಲ, ಅಷ್ಟೇ.

ಇದು ಒಂದೆರಡು ಮನೆಯ ಕಥೆಯಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಶೇ 37ರಷ್ಟು ಕುಟುಂಬಗಳು ವಾಸಿಸುತ್ತಿದ್ದುದು ಒಂದೇ ಕೋಣೆಯ ಮನೆಗಳಲ್ಲಿ. ಮುಂಬೈ, ಪುಣೆ, ದೆಹಲಿಯಂಥ ಊರುಗಳ ಬಾಡಿಗೆ ನೋಡಿದರೆ ಮಕ್ಕಳಿಗೆಂದೇ ಪ್ರತ್ಯೇಕ ಕೋಣೆ ಹಲವರಿಗೆ ಕನಸಿನ ಮಾತು. ಸ್ಟಡಿ ಟೇಬಲ್ ಎಂದು ಆನ್‌ಲೈನ್‌ನಲ್ಲಿ ಹುಡುಕಿದರೆ ಸಾವಿರಾರು ರೂಪಾಯಿಯ ಮೇಜುಗಳು ಕಾಣುತ್ತವೆ. ಬೆಲೆ ನೋಡಿ, ಮನೆಯ ಅಳತೆ ನೋಡಿ, 'ಇದು ನಮ್ಮಿಂದಾಗದು' ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಮೂರು ಅಡಿ ಉದ್ದ, ಎರಡು ಅಡಿ ಅಗಲದ ಜಾಗ ಮತ್ತು 2 ಸಾವಿರ ರೂಪಾಯಿಯೊಳಗಿನ ಖರ್ಚಿನಲ್ಲಿ ಈ ಕೆಲಸ ಆಗುತ್ತದೆ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೇಜಿಗಿಂತ ಮೊದಲು ಬೇಕಾದದ್ದು ಹೊತ್ತು

ಮುಂಬೈಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಡಾ. ಬಿ.ಆರ್. ಅಂಬೇಡ್ಕರ್ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಅವರ ಕುಟುಂಬ ಇದ್ದದ್ದು ಲೋವರ್ ಪರೇಲ್‌ನ ಡಬಕ್ ಚಾಳ್‌ನ ಒಂದೇ ಕೋಣೆಯಲ್ಲಿ. ಅಡುಗೆ, ಊಟ, ನಿದ್ದೆ, ಓದು ಎಲ್ಲವೂ ಅಲ್ಲೇ. ಸೌದೆ, ಬೀಸುವ ಕಲ್ಲು, ಮನೆಯ ಆಡಿಗೂ ಜಾಗ ಅಲ್ಲೇ ಆಗಬೇಕಿತ್ತು. ತಂದೆ ರಾಮ್‌ಜಿ ಸಕ್ಪಾಲ್ ಇದಕ್ಕೆ ಕಂಡುಕೊಂಡ ದಾರಿಯನ್ನು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಮಗನನ್ನು ಅವರು ಬೇಗ ಮಲಗಿಸುತ್ತಿದ್ದರು. ತಾವು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದು, ಆಮೇಲೆ ಮಗನನ್ನು ಓದಲು ಎಬ್ಬಿಸಿ, ತಾವು ಮಲಗುತ್ತಿದ್ದರು. ಮನೆ ನಿಶ್ಶಬ್ದವಾಗಿದ್ದ ಆ ಹೊತ್ತಿನಲ್ಲಿ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಓದು ಸಾಗುತ್ತಿತ್ತು. 1907ರಲ್ಲಿ ಅಂಬೇಡ್ಕರ್ ಮೆಟ್ರಿಕ್ ಪಾಸಾದರು.

ಮಕ್ಕಳನ್ನು ರಾತ್ರಿ ಎರಡಕ್ಕೆ ಎಬ್ಬಿಸಿ ಎಂದು ಯಾರೂ ಹೇಳುವುದಿಲ್ಲ, ಮಕ್ಕಳಿಗೆ ನಿದ್ದೆ ಅಷ್ಟೇ ಮುಖ್ಯ. ಇಲ್ಲಿ ಗಮನಿಸಬೇಕಾದದ್ದು ಆ ತಂದೆಯ ಲೆಕ್ಕಾಚಾರ. ಕೋಣೆಯನ್ನು ಗೋಡೆ ಕಟ್ಟಿ ಭಾಗ ಮಾಡಲು ಆಗದಿದ್ದಾಗ ಅವರು ಅದನ್ನು ಹೊತ್ತಿನ ಲೆಕ್ಕದಲ್ಲಿ ಭಾಗ ಮಾಡಿದರು. ಆ ಹೊತ್ತನ್ನು ಕಾಯಲು ಮನೆಯ ಹಿರಿಯರೊಬ್ಬರು ನಿಂತರು. ಇಂದಿಗೂ ಸಣ್ಣ ಮನೆಯಲ್ಲಿ ಕಲಿಕೆಯ ಜಾಗ ನಿಲ್ಲುವುದು ಈ ಎರಡರ ಮೇಲೆಯೇ.

ಆದ್ದರಿಂದ ಮೇಜು ಕೊಳ್ಳುವ ಮೊದಲು ಎರಡು ಮೂರು ದಿನ ಮನೆಯನ್ನು ಗಮನಿಸಿ. ಯಾವ ಹೊತ್ತಿನಲ್ಲಿ ಯಾವ ಮೂಲೆ ಖಾಲಿ ಇರುತ್ತದೆ? ಅಡುಗೆ ಯಾವಾಗ, ಟಿವಿ ಯಾವಾಗ, ನೀರು ಬರುವುದು ಯಾವಾಗ? ಬೆಳಗ್ಗೆ ಆರರಿಂದ ಏಳು, ಸಂಜೆ ಐದೂವರೆಯಿಂದ ಆರೂವರೆ, ಹೀಗೆ ಯಾರ ಕೆಲಸಕ್ಕೂ ಅಡ್ಡಿಯಾಗದ ಒಂದು ಗಂಟೆ ಹೆಚ್ಚಿನ ಮನೆಗಳಲ್ಲಿ ಸಿಗುತ್ತದೆ. ಆ ಗಂಟೆಯೇ ನಿಮ್ಮ ಮಗುವಿನ ಕೋಣೆ.

ಯಾವ ಮೂಲೆ ಒಳ್ಳೆಯದು?

ಜಾಗ ಆರಿಸುವಾಗ ನಾಲ್ಕು ವಿಷಯ ನೋಡಿ.

ಮೊದಲನೆಯದು, ಅದು ಓಡಾಟದ ದಾರಿಯಾಗಿರಬಾರದು. ಬಾಗಿಲು, ಬಾತ್‌ರೂಮ್, ಫ್ರಿಜ್ ಇವುಗಳ ಪಕ್ಕ ಕೂತ ಮಗು ಪ್ರತಿ ಐದು ನಿಮಿಷಕ್ಕೆ ಸರಿಯಬೇಕಾಗುತ್ತದೆ.

ಎರಡನೆಯದು, ಮಗುವಿನ ಮುಖ ಗೋಡೆಯ ಕಡೆಗೋ ಕಿಟಕಿಯ ಕಡೆಗೋ ಇರಲಿ, ಟಿವಿಗೆ ಬೆನ್ನಾಗಲಿ. ಮುಖ ಟಿವಿ ಕಡೆಗಿದ್ದರೆ ಸದ್ದು ಆರಿಸಿದರೂ ಕಣ್ಣು ಅತ್ತ ಹೋಗುವುದು ತಪ್ಪುವುದಿಲ್ಲ.

ಮೂರನೆಯದು, ಪ್ಲಗ್ ಪಾಯಿಂಟ್ ಹತ್ತಿರವಿರಲಿ. ನಡುಮನೆಯಲ್ಲಿ ವಯರ್ ಎಳೆದರೆ ಯಾರಾದರೂ ಎಡವುತ್ತಾರೆ.

ನಾಲ್ಕನೆಯದು, ಪುಟ್ಟ ಮಕ್ಕಳಾದರೆ ದೊಡ್ಡವರ ಕಣ್ಣಳತೆಯಲ್ಲಿರಲಿ. ಅಡುಗೆಮನೆಯ ಹೊಸ್ತಿಲ ಬಳಿ ಕೂತು 'ಅಮ್ಮಾ, ಇದು ಹೇಗೆ?' ಎಂದು ಕೇಳುವಂತಿದ್ದರೆ ಎಂಟು ವರ್ಷದ ಮಗುವಿಗೆ ಪ್ರತ್ಯೇಕ ಕೋಣೆಗಿಂತ ಅದೇ ಹಿತ. ಆದರೆ ಒಲೆಗೂ ಮಗುವಿಗೂ ನಡುವೆ ಸಾಕಷ್ಟು ಅಂತರ ಇರಬೇಕು.

ಮಂಚ ಮತ್ತು ಬೀರುವಿನ ನಡುವಿನ ಜಾಗ, ಕಿಟಕಿ ಕೆಳಗಿನ ಗೋಡೆ, ದಿವಾನ್‌ನ ಒಂದು ತುದಿ, ಗ್ರಿಲ್ ಹಾಕಿ ಭದ್ರ ಮಾಡಿದ ಬಾಲ್ಕನಿಯ ಮೂಲೆ, ಹೊಲಿಗೆ ಯಂತ್ರದ ಮೇಲ್ಭಾಗ, ಇವೆಲ್ಲ ಕೆಲಸಕ್ಕೆ ಬರುತ್ತವೆ. ಎಲ್ಲಿಯೇ ಆಗಲಿ, ದಿನವೂ ಅದೇ ಜಾಗ ಇರಬೇಕು. ದಿನಕ್ಕೊಂದು ಕಡೆ ಕೂತರೆ ಸಾಮಾನು ಹುಡುಕಿ ಜೋಡಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಜಾಗ ಒಂದೇ ಆದರೆ ಕೂತ ಕೂಡಲೇ ಪುಸ್ತಕ ತೆರೆಯುವ ಅಭ್ಯಾಸ ತಾನಾಗಿ ಬೆಳೆಯುತ್ತದೆ.

ಬೆಳಕಿಗೆ ಖರ್ಚು ಮಾಡಿ

ಹಣ ಸ್ವಲ್ಪವೇ ಇದ್ದರೆ ಮೊದಲ ಖರ್ಚು ಬೆಳಕಿಗಾಗಲಿ. ಹಗಲಿನಲ್ಲಿ ಕಿಟಕಿಯ ಬೆಳಕೇ ಉತ್ತಮ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬೀಳಬೇಕು, ಎಡಗೈಯಲ್ಲಿ ಬರೆಯುವ ಮಗುವಿಗೆ ಬಲಗಡೆಯಿಂದ. ಇಲ್ಲದಿದ್ದರೆ ಬರೆಯುತ್ತಿರುವ ಅಕ್ಷರದ ಮೇಲೆ ಕೈಯ ನೆರಳೇ ಬೀಳುತ್ತದೆ, ಮಗು ಅರಿವಿಲ್ಲದೆ ತಲೆ ಬಗ್ಗಿಸುತ್ತದೆ.

ರಾತ್ರಿ ಹೊತ್ತು ಹೆಚ್ಚಿನ ಮನೆಗಳಲ್ಲಿ ಒಂದೇ ಟ್ಯೂಬ್‌ಲೈಟ್ ಇರುತ್ತದೆ, ಅದೂ ಎದುರು ಗೋಡೆಯ ಮೇಲೆ. ಓದುವವರ ಬೆನ್ನ ಹಿಂದೆ ಅದಿದ್ದರೆ ಪುಸ್ತಕದ ಮೇಲೆ ತಲೆಯ ನೆರಳು. ಇದಕ್ಕೆ ಪರಿಹಾರ ಸುಲಭ: ದೀಪವನ್ನು ಪುಸ್ತಕದ ಹತ್ತಿರಕ್ಕೆ ತನ್ನಿ. ಬಲ್ಬಿನಿಂದ ನೇರವಾಗಿ ಬೀಳುವ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಎಂದು ಭೌತಶಾಸ್ತ್ರದಲ್ಲಿ ಓದಿರುತ್ತೇವೆ. ಪುಸ್ತಕದಿಂದ ಆರು ಅಡಿ ಎತ್ತರದಲ್ಲಿದ್ದ ಬಲ್ಬನ್ನು ಎರಡು ಅಡಿಗೆ ಇಳಿಸಿದರೆ ದೂರ ಮೂರನೇ ಒಂದು ಭಾಗವಾಗುತ್ತದೆ, ಪುಟದ ಮೇಲೆ ಬೀಳುವ ನೇರ ಬೆಳಕು ಸುಮಾರು ಒಂಬತ್ತು ಪಟ್ಟಾಗುತ್ತದೆ. ಹೆಚ್ಚು ವ್ಯಾಟ್‌ನ ಬಲ್ಬ್ ಹಾಕುವುದಕ್ಕಿಂತ ಇದೇ ಲಾಭ.

9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬ್, ಹೋಲ್ಡರ್, ಸ್ವಲ್ಪ ವಯರ್, ಮೇಲೊಂದು ಶೇಡ್ ಸಾಕು. ಬಲ್ಬ್ ನೇರವಾಗಿ ಕಣ್ಣಿಗೆ ಕುಕ್ಕದಂತೆ ಶೇಡ್ ಇರಲೇಬೇಕು. ವಯರಿಂಗ್ ಅನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ಜಾಯಿಂಟ್ ತೆರೆದಿರಬಾರದು. ಇದರ ಕರೆಂಟ್ ಖರ್ಚು ಎಷ್ಟು? ದಿನಕ್ಕೆ ಮೂರು ಗಂಟೆ ಉರಿದರೂ ತಿಂಗಳಿಗೆ ಒಂದು ಯೂನಿಟ್ ಕೂಡ ಆಗುವುದಿಲ್ಲ. ಅಂದರೆ ಹೆಚ್ಚೆಂದರೆ ಹತ್ತು ರೂಪಾಯಿ ಆಸುಪಾಸು. ಇನ್ನೊಂದು ಮಾತು: ಕತ್ತಲ ಕೋಣೆಯಲ್ಲಿ ಈ ಒಂದು ದೀಪ ಮಾತ್ರ ಉರಿಸಿ ಓದಿಸಬೇಡಿ. ಕೋಣೆಯ ದೀಪವೂ ಇರಲಿ. ಬೆಳಗಿದ ಪುಟದಿಂದ ಕತ್ತಲಿಗೆ ಮತ್ತೆ ಮತ್ತೆ ಹೊರಳಿದರೆ ಕಣ್ಣು ಬೇಗ ದಣಿಯುತ್ತದೆ.

ಕೂರುವ ಎತ್ತರ: ಟೇಪ್ ಹಿಡಿದು ಅಳೆಯಿರಿ

'ಡೈನಿಂಗ್ ಟೇಬಲ್ ಇದೆಯಲ್ಲ, ಅಲ್ಲೇ ಓದಲಿ' ಎನ್ನುವವರಿದ್ದಾರೆ. ಓದಬಹುದು, ಆದರೆ ಒಂದು ತಿದ್ದುಪಡಿ ಬೇಕು. ದೊಡ್ಡವರ ಡೈನಿಂಗ್ ಟೇಬಲ್ ಸಾಮಾನ್ಯವಾಗಿ 75 ಸೆಂಟಿಮೀಟರ್ ಎತ್ತರ, ಕುರ್ಚಿ 45 ಸೆಂಟಿಮೀಟರ್. ಶಾಲಾ ಪೀಠೋಪಕರಣಗಳ ಯುರೋಪಿಯನ್ ಮಾನದಂಡದ ಪ್ರಕಾರ 119ರಿಂದ 142 ಸೆಂಟಿಮೀಟರ್ ಎತ್ತರದ ಮಗುವಿಗೆ ಆಸನ 35, ಮೇಜು 59 ಸೆಂಟಿಮೀಟರ್ ಇರಬೇಕು. ಅಂದರೆ ನಮ್ಮ ಮೂರನೇ, ನಾಲ್ಕನೇ ತರಗತಿಯ ಮಗು ಡೈನಿಂಗ್ ಟೇಬಲ್ ಮುಂದೆ ಕೂತರೆ ಭುಜ ಮೇಲಕ್ಕೆ ಎತ್ತಿ ಬರೆಯಬೇಕು, ಕಾಲು ಗಾಳಿಯಲ್ಲಿ ತೂಗಾಡಬೇಕು. ಅರ್ಧ ಗಂಟೆಯಲ್ಲಿ ಅದು ಚಡಪಡಿಸತೊಡಗಿದರೆ ತಪ್ಪು ಯಾರದು?

ಸರಿಪಡಿಸುವುದು ಹೀಗೆ. ಕುರ್ಚಿಯ ಮೇಲೆ ಗಟ್ಟಿಯಾದ ದಿಂಬು ಅಥವಾ ಮಡಚಿದ ಕಂಬಳಿ ಹಾಕಿ, ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಎತ್ತರಿಸಿ. ಆಗ ಕಾಲು ನೆಲಕ್ಕೆ ಎಟುಕುವುದಿಲ್ಲ. ಪಾದದ ಕೆಳಗೆ ಬಟ್ಟೆ ಸುತ್ತಿದ ಎರಡು ಇಟ್ಟಿಗೆ, ಹಳೆಯ ಟ್ರಂಕ್ ಅಥವಾ ಗಟ್ಟಿ ಪೆಟ್ಟಿಗೆ ಇಡಿ. ಪಾದ ಸಮವಾಗಿ ಊರಿರಬೇಕು, ಮೊಣಕಾಲು ಹೆಚ್ಚೂಕಡಿಮೆ ಲಂಬಕೋನದಲ್ಲಿರಬೇಕು, ಬೆನ್ನಿಗೆ ಆಸರೆ ಇರಬೇಕು. ಇದಕ್ಕೆ ಒಂದು ರೂಪಾಯಿಯೂ ಬೇಡ.

ಕುರ್ಚಿಗೆ ಜಾಗವೇ ಇಲ್ಲವೆಂದರೆ ನೆಲವೇ ಗತಿ, ಅದರಲ್ಲಿ ಕೀಳೇನೂ ಇಲ್ಲ. ಶಾನುಭೋಗರು ಲೆಕ್ಕ ಬರೆದದ್ದು ನೆಲದ ಮೇಲೆ ಕೂತು, ಮುಂದೆ ಇಳಿಜಾರಾದ ಪೆಟ್ಟಿಗೆ ಇಟ್ಟುಕೊಂಡು. ಮನೆಗಳಲ್ಲಿ ಭಾರತ ಓದುವಾಗ ವ್ಯಾಸಪೀಠದ ಮೇಲೆ ಪುಸ್ತಕ ಇಡುತ್ತಿದ್ದುದೂ ಕತ್ತು ಬಗ್ಗಿಸದೆ ಓದಲಿ ಎಂದೇ. ಮಗುವನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿ, ತೋಳು ಇಳಿಬಿಡಲು ಹೇಳಿ, ನೆಲದಿಂದ ಮೊಣಕೈವರೆಗಿನ ಎತ್ತರ ಅಳೆಯಿರಿ. ಮೇಜು ಅದಕ್ಕಿಂತ ಒಂದೆರಡು ಇಂಚು ಮಾತ್ರ ಮೇಲಿರಬೇಕು. ಮಾರುಕಟ್ಟೆಯಲ್ಲಿ ಸಿಗುವ ಮಡಚುವ ಕಿರುಮೇಜು ಪುಟ್ಟ ಮಕ್ಕಳಿಗೆ ಎತ್ತರವಾಗಬಹುದು. ಆಗ ಮಗುವನ್ನು ಊಟದ ಮಣೆಯ ಮೇಲೋ ಮಡಚಿದ ಜಮಖಾನದ ಮೇಲೋ ಕೂರಿಸಿ. ಸೊಂಟ ಸ್ವಲ್ಪ ಮೇಲೆ ಬಂದರೆ ಬೆನ್ನು ಗೂನಾಗುವುದೂ ಕಡಿಮೆಯಾಗುತ್ತದೆ. ಬೆನ್ನಿಗೆ ಗೋಡೆ ಇರಲಿ. ಇಪ್ಪತ್ತೈದು, ಮೂವತ್ತು ನಿಮಿಷಕ್ಕೊಮ್ಮೆ ಎದ್ದು ಕಾಲಾಡಿಸಲಿ.

ಪುಸ್ತಕಕ್ಕೂ ಕಣ್ಣಿಗೂ ಎಷ್ಟು ದೂರ? ಮೊಣಕೈಯನ್ನು ಪುಸ್ತಕದ ಮೇಲೆ ಊರಿ, ಮುಷ್ಟಿಯನ್ನು ಕೆನ್ನೆಗೆ ತಾಗಿಸಲು ಹೇಳಿ. ಆ ಅಂತರ ಇದ್ದರೆ ಸಾಕು. ಎಷ್ಟು ಹೇಳಿದರೂ ಮಗು ಪುಸ್ತಕವನ್ನು ಮೂಗಿಗೆ ತಾಗಿಸಿಯೇ ಓದುತ್ತಿದ್ದರೆ ಬೈಯಬೇಡಿ, ಕಣ್ಣಿನ ವೈದ್ಯರಿಗೆ ತೋರಿಸಿ. ಓದಿನ ಜಾಗ ಎಷ್ಟೇ ಚೆನ್ನಾಗಿದ್ದರೂ ಮಕ್ಕಳು ದಿನಕ್ಕೆ ಒಂದೂವರೆ, ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಇರಬೇಕು ಎಂಬುದು ಸಮೀಪದೃಷ್ಟಿ ತಡೆಯಲು ಕಣ್ಣಿನ ವೈದ್ಯರು ಕೊಡುವ ಸಲಹೆ. ಕಟ್ಟಡದ ಕಾಂಪೌಂಡ್‌ನಲ್ಲಿ ಆಡಿದರೂ ಲೆಕ್ಕಕ್ಕೆ ಬರುತ್ತದೆ.

ಕೈಚಾಚಿದರೆ ಸಿಗುವಂತಿರಲಿ

ರಬ್ಬರ್‌ಗೆಂದು ಎದ್ದ ಮಗು ಮರಳಿ ಕೂರುವುದು ಹತ್ತು ನಿಮಿಷದ ನಂತರ. ಹಾಗಾಗಿ ಪೆನ್ಸಿಲ್, ಮೆಂಡರ್, ರಬ್ಬರ್, ಸ್ಕೇಲ್, ಕಂಪಾಸ್ ಬಾಕ್ಸ್, ಅಂಟು, ಕತ್ತರಿ, ನೀರಿನ ಬಾಟಲಿ ಎಲ್ಲವೂ ಒಂದೇ ಡಬ್ಬಿ ಅಥವಾ ಬುಟ್ಟಿಯಲ್ಲಿರಲಿ. ಓದು ಮುಗಿದ ಮೇಲೆ ಬುಟ್ಟಿ ಮಂಚದ ಕೆಳಗೆ ಸೇರಲಿ, ಮೇಜು ಮಡಚಿ ಬೀರುವಿನ ಸಂದಿಗೆ ಹೋಗಲಿ. ಹೀಗೆ ಎತ್ತಿಡುವುದು ಮಗುವಿನದೇ ಕೆಲಸವಾಗಲಿ.

ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಬಿಡದಿದ್ದರೆ ಕಬ್ಬಿಣದ ಬೀರುವಿನ ಪಕ್ಕವನ್ನೇ ಬಳಸಿ. ನಾಲ್ಕು ಅಯಸ್ಕಾಂತ ಇದ್ದರೆ ಟೈಮ್‌ಟೇಬಲ್, ಮಗ್ಗಿ, ನಕ್ಷೆ ಎಲ್ಲ ಅಲ್ಲಿ ನಿಲ್ಲುತ್ತದೆ. ಹಣ್ಣಿನ ಮರದ ಪೆಟ್ಟಿಗೆ ತಂದು ಉಪ್ಪುಕಾಗದದಿಂದ ಉಜ್ಜಿ, ಮೊಳೆಗಳನ್ನು ಕಿತ್ತು, ಅಡ್ಡ ಮಲಗಿಸಿದರೆ ಪುಸ್ತಕದ ಗೂಡು ಸಿದ್ಧ.

ಪುಟ್ಟ ಮಕ್ಕಳಿಗೆ ನಮ್ಮ ಕರ್ನಾಟಕದ ಸರ್ಕಾರಿ ಶಾಲೆಗಳ 'ನಲಿ ಕಲಿ' ತರಗತಿಯೇ ಒಳ್ಳೆಯ ಮಾದರಿ. 1990ರ ದಶಕದಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಗೋಡೆಯ ಕಪ್ಪುಹಲಗೆ ಮಕ್ಕಳ ಕೈಗೆಟುಕುವ ಎತ್ತರದಲ್ಲೇ ಇರುತ್ತದೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಮಾಡಿದ ಚಿತ್ರ, ಕಾರ್ಡುಗಳು ತೂಗುತ್ತವೆ. ಬಿಸಿಲೋ ಮೋಡವೋ ಮಳೆಯೋ ಎಂದು ಮಕ್ಕಳೇ ಗುರುತು ಹಾಕುವ ಹವಾಮಾನ ನಕ್ಷೆ ಇರುತ್ತದೆ. ಇದರಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ. ಮನೆಯಲ್ಲೂ ನೆಲದಿಂದ ಒಂದು ಅಡಿ ಎತ್ತರಕ್ಕೆ ಒಂದು ಚಿಕ್ಕ ಕಪ್ಪುಹಲಗೆ, ಎರಡು ಕಿಟಕಿ ಸರಳುಗಳ ನಡುವೆ ಒಂದು ದಾರ, ಬಟ್ಟೆಗೆ ಹಾಕುವ ಕ್ಲಿಪ್, ಇಷ್ಟಿದ್ದರೆ ಆಯಿತು.

ಖರ್ಚಿನ ಲೆಕ್ಕ

ಊರು, ಅಂಗಡಿಗೆ ತಕ್ಕಂತೆ ಬೆಲೆ ಹೆಚ್ಚು ಕಡಿಮೆ ಆಗುತ್ತದೆ. ಅಂದಾಜು ಹೀಗೆ ಇಟ್ಟುಕೊಳ್ಳಿ:

ಮಡಚುವ ಕಿರುಮೇಜು: 400ರಿಂದ 600 ರೂಪಾಯಿ
ಎಲ್‌ಇಡಿ ಬಲ್ಬ್, ಹೋಲ್ಡರ್, ವಯರ್, ಶೇಡ್: 250ರಿಂದ 350 ರೂಪಾಯಿ
ಚಿಕ್ಕ ಕಪ್ಪುಹಲಗೆ ಅಥವಾ ವೈಟ್‌ಬೋರ್ಡ್: 150ರಿಂದ 250 ರೂಪಾಯಿ
ಪುಸ್ತಕದ ಗೂಡಿಗೆ ಪೆಟ್ಟಿಗೆ: 100ರಿಂದ 200 ರೂಪಾಯಿ
ಚಾಪೆ: 100ರಿಂದ 200 ರೂಪಾಯಿ
ಮುಳ್ಳಿನ ಗಡಿಯಾರ: 150ರಿಂದ 250 ರೂಪಾಯಿ
ಡಬ್ಬಿ, ಬುಟ್ಟಿ, ದಿಂಬು, ಇಟ್ಟಿಗೆ: ಮನೆಯಲ್ಲಿದ್ದದ್ದೇ

ಒಟ್ಟು 1,150ರಿಂದ 1,850 ರೂಪಾಯಿ. ಅಷ್ಟೂ ಕಷ್ಟವಾದರೆ ಬಲ್ಬ್ ಮತ್ತು ಒಂದು ಎಕ್ಸಾಂ ಪ್ಯಾಡ್‌ನಿಂದ ಶುರು ಮಾಡಿ. ಉಳಿದದ್ದು ತಿಂಗಳಿಗೊಂದರಂತೆ ಸೇರಿಕೊಳ್ಳಲಿ. ಹಳೆಯ ಮೇಜು ಕುರ್ಚಿಗೆ ಮುಂಬೈಯಲ್ಲಿ ಓಶಿವರಾ ಫರ್ನಿಚರ್ ಮಾರ್ಕೆಟ್, ಪುಣೆಯಲ್ಲಿ ಜುನಾ ಬಜಾರ್ ಇವೆ. ಹಳೆಯ ಪುಸ್ತಕಗಳಿಗೆ ಮುಂಬೈಯ ಮಾಟುಂಗಾ ಮತ್ತು ಫ್ಲೋರಾ ಫೌಂಟನ್, ಹೈದರಾಬಾದ್‌ನ ಕೋಠಿ, ಚೆನ್ನೈಯ ಮೂರ್ ಮಾರ್ಕೆಟ್, ದೆಹಲಿಯ ಭಾನುವಾರದ ಪುಸ್ತಕ ಬಜಾರ್ ಹೆಸರಾದವು. ಹಳೆಯ ಮರದ ಸಾಮಾನು ತರುವಾಗ ತಿಗಣೆ, ಗೆದ್ದಲು ಇಲ್ಲವೆಂದು ನೋಡಿಕೊಂಡೇ ಒಳಗೆ ತನ್ನಿ.

ಟಿವಿ, ಮೊಬೈಲ್ ಮತ್ತು ಮನೆಮಂದಿ

ಇದು ಖರ್ಚಿಲ್ಲದ ಭಾಗ, ಕಷ್ಟದ್ದೂ ಇದೇ. ಮಗು ಓದುವ ಒಂದು ಗಂಟೆ ಟಿವಿ ಆರಿರಬೇಕು. ಅಜ್ಜಿಗೆ ಧಾರಾವಾಹಿ ಬಿಡಿ ಎಂದರೆ ಅವರಿಗೂ ಬೇಸರ. ಅದರ ಬದಲು ಓದಿನ ಗಂಟೆಯನ್ನೇ ಧಾರಾವಾಹಿಯ ಮುಂಚೆಗೋ ನಂತರಕ್ಕೋ ಹಾಕಿ, ಎಲ್ಲರ ಎದುರು ಮಾತಾಡಿ ನಿರ್ಧರಿಸಿ. 'ಓದು, ಓದು' ಎನ್ನುತ್ತಾ ಪಕ್ಕದಲ್ಲೇ ರೀಲ್ಸ್ ನೋಡುವ ಅಪ್ಪನ ಮಾತಿಗೆ ತೂಕ ಬರುವುದಿಲ್ಲ. ಆ ಹೊತ್ತಿನಲ್ಲಿ ದೊಡ್ಡವರಲ್ಲಿ ಒಬ್ಬರಾದರೂ ಪೇಪರ್ ಓದುತ್ತಲೋ ಮನೆಖರ್ಚಿನ ಲೆಕ್ಕ ಬರೆಯುತ್ತಲೋ ಪಕ್ಕದಲ್ಲಿ ಕೂತರೆ ಮಗುವಿಗೆ ಬೇರೆ ಕಾವಲು ಬೇಡ.

ಮೊಬೈಲ್ ಓದಿನ ಜಾಗದಲ್ಲಿ ಇರಬಾರದು. ಹೊತ್ತು ನೋಡಲು ಮೊಬೈಲ್ ಎತ್ತುವ ಮಗು ಇನ್ನೇನನ್ನೋ ನೋಡಿಬಿಡುತ್ತದೆ, ಗಡಿಯಾರ ಪಟ್ಟಿಯಲ್ಲಿರುವುದು ಅದಕ್ಕೇ. ಶಾಲೆಯ ಗ್ರೂಪ್‌ನಲ್ಲಿ ಬಂದ ಹೋಮ್‌ವರ್ಕ್ ಅನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಲಿ. ವಿಡಿಯೊ ಪಾಠ ನೋಡಲೇಬೇಕಾದರೆ ಅದಕ್ಕೆ ಬೇರೆ ಹೊತ್ತು ಇಟ್ಟು, ಪರದೆ ನಿಮಗೂ ಕಾಣುವಂತೆ ಕೂರಿಸಿ.

ಇನ್ನೊಂದು ವಿಷಯವನ್ನು ಬಿಚ್ಚಿ ಹೇಳಬೇಕು. ಹಲವು ಮನೆಗಳಲ್ಲಿ ಮಗ ಓದುತ್ತಿದ್ದರೆ 'ಅವನಿಗೆ ತೊಂದರೆ ಕೊಡಬೇಡಿ' ಎನ್ನುತ್ತೇವೆ. ಮಗಳು ಓದುತ್ತಿದ್ದರೆ 'ಸ್ವಲ್ಪ ಹಾಲು ನೋಡು, ಉಕ್ಕೀತು' ಎನ್ನುತ್ತೇವೆ. ಕೂಗಿದವರಿಗೆ ಅದು ಒಂದು ನಿಮಿಷದ ಕೆಲಸ. ಕೂತವಳಿಗೆ ಅರ್ಧ ಮಾಡಿದ ಲೆಕ್ಕ ಮತ್ತೆ ಮೊದಲಿಂದ. ವರ್ಷಗಟ್ಟಲೆ ಹೀಗೆ ನಡೆದರೆ ತನ್ನ ಓದು ಯಾವಾಗ ಬೇಕಾದರೂ ನಿಲ್ಲಿಸಬಹುದಾದ ಕೆಲಸ ಎಂದು ಅವಳೇ ನಂಬುತ್ತಾಳೆ. ಮನೆಗೆಲಸ ಇಬ್ಬರೂ ಕಲಿಯಲಿ, ಆದರೆ ಓದಿನ ಗಂಟೆಯಲ್ಲಿ ಇಬ್ಬರಲ್ಲಿ ಯಾರನ್ನೂ ಎಬ್ಬಿಸಬೇಡಿ.

ಇಬ್ಬರು ಮಕ್ಕಳಿಗೆ ಒಂದೇ ಮೇಜಾದರೆ ಬರೆಯುವವರಿಗೆ ಮೇಜು, ಬಾಯಿಪಾಠ ಮಾಡುವವರಿಗೆ ಬಾಲ್ಕನಿಯೋ ಮೆಟ್ಟಿಲೋ ಎಂದು ಪಾಳಿ ಮಾಡಿ. ಮೇಜು ಇಬ್ಬರದಾದರೂ ಬುಟ್ಟಿ ಮಾತ್ರ ಇಬ್ಬರಿಗೂ ಬೇರೆ ಬೇರೆ ಇರಲಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ವಯಸ್ಸಿಗೆ ತಕ್ಕ ಜಾಗ

ಆರು ವರ್ಷದೊಳಗಿನ ಮಕ್ಕಳಿಗೆ ಮೇಜು ಬೇಕಿಲ್ಲ. ಚಾಪೆ, ಸ್ಲೇಟು, ಬಳಪ, ಚಿತ್ರದ ಪುಸ್ತಕ ಸಾಕು. ಬೇಳೆ, ಬಟಾಣಿ ಎಣಿಸುವುದು, ಡಬ್ಬಿಗೆ ಮುಚ್ಚಳ ಹೊಂದಿಸುವುದು ಅವರ ಪಾಠ. ಕಾಳು ಬಾಯಿಗೆ, ಮೂಗಿಗೆ ಹೋಗದಂತೆ ದೊಡ್ಡವರು ಪಕ್ಕದಲ್ಲಿರಬೇಕು. ಆರರಿಂದ ಹತ್ತರವರೆಗೆ ದೊಡ್ಡವರ ಹತ್ತಿರವೇ ಕೂರಲಿ, ಇಪ್ಪತ್ತು ಇಪ್ಪತ್ತೈದು ನಿಮಿಷದ ಎರಡು ಅವಧಿ ಸಾಕು. ಹನ್ನೊಂದರ ನಂತರ ಮಕ್ಕಳಿಗೆ ಸ್ವಲ್ಪ ಮರೆ ಬೇಕೆನಿಸುತ್ತದೆ. ಹಳೆಯ ಸೀರೆಯ ಪರದೆ ಇಳಿಬಿಟ್ಟರೂ ಅದು ಅವರದೇ ಲೋಕವಾಗುತ್ತದೆ. ಹತ್ತನೇ ತರಗತಿ, ಹನ್ನೆರಡನೇ ತರಗತಿಯ ಮಕ್ಕಳಿಗೆ ಉದ್ದ ಅವಧಿಯ ನಿಶ್ಶಬ್ದ ಬೇಕು. ಬೇಗ ಮಲಗಿ ಬೇಗ ಏಳುವುದು ಸಣ್ಣ ಮನೆಯಲ್ಲಿ ಈಗಲೂ ನಡೆಯುವ ಉಪಾಯ.

ಊರಿಗೆ ತಕ್ಕ ಎಚ್ಚರ

ಮುಂಬೈಯ ಮಳೆಗಾಲದಲ್ಲಿ ಹೊರಗೋಡೆ ಒದ್ದೆಯಾಗುತ್ತದೆ. ಪುಸ್ತಕದ ಗೂಡನ್ನು ಒಳಗೋಡೆಗೆ ಇಡಿ, ಗೋಡೆಗೂ ಗೂಡಿಗೂ ನಡುವೆ ನಾಲ್ಕು ಬೆರಳಷ್ಟು ಗಾಳಿಯಾಡಲು ಬಿಡಿ. ಒಣಗಿದ ಬೇವಿನ ಎಲೆ ಇಟ್ಟರೆ ಸಾಕು. ಪುಟ್ಟ ಮಕ್ಕಳು ಮಿಠಾಯಿ ಎಂದು ಬಾಯಿಗೆ ಹಾಕಿಕೊಳ್ಳುವ ಅಪಾಯವಿರುವುದರಿಂದ ನುಸಿಗುಳಿಗೆ ಅವರ ಕೈಗೆಟುಕುವಲ್ಲಿ ಬೇಡ.

ಚೆನ್ನೈ, ಹೈದರಾಬಾದ್‌ನ ಬೇಸಿಗೆಯಲ್ಲಿ ಮೇಲಿನ ಮಹಡಿಯ ಮನೆ ಮಧ್ಯಾಹ್ನ ಕಾದ ಹಂಚಿನಂತಿರುತ್ತದೆ. ಆ ಹೊತ್ತಿನ ಓದನ್ನು ಬೆಳಗ್ಗೆಗೆ ಸರಿಸಿ. ಪುಟ ಹಾರದಂತೆ, ಗಾಳಿ ತಾಗುವಂತೆ ಫ್ಯಾನ್‌ಗೆ ಓರೆಯಾಗಿ ಕೂರಿಸಿ.

ದೆಹಲಿಯ ಚಳಿಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಒಳಗೆ ಇದ್ದಿಲಿನ ಅಂಗೀಠಿ ಇಟ್ಟು ಓದಿಸುವುದು ಜೀವಕ್ಕೇ ಅಪಾಯ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಂಬಳಿ, ಕಾಲುಚೀಲ, ಹಗಲಿನ ಬಿಸಿಲು ಇವೇ ಕ್ಷೇಮ.

ಗೂಡಿನ ಒಂದು ಸಾಲು ಕನ್ನಡಕ್ಕೆ

ಹೊರನಾಡಿನಲ್ಲಿರುವ ನಮಗೆ ಈ ಮೂಲೆಯಿಂದ ಇನ್ನೊಂದು ಲಾಭವಿದೆ. ಮಗು ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಜೊತೆಗೆ ಮರಾಠಿಯನ್ನೋ ತಮಿಳನ್ನೋ ತೆಲುಗನ್ನೋ ಕಲಿಯುತ್ತದೆ. ಮನೆಯಲ್ಲಿ ಕನ್ನಡ ಮಾತಾಡುತ್ತದೆ, ಆದರೆ ಊರಿಗೆ ಹೋದಾಗ ಬಸ್ಸಿನ ಬೋರ್ಡ್ ಓದಲು ಬರುವುದಿಲ್ಲ. ಓದು ಬರಹ ಕೈತಪ್ಪಿದ ಭಾಷೆ ಮುಂದಿನ ತಲೆಮಾರಿಗೆ ಮಾತಿನಲ್ಲೂ ಉಳಿಯುವುದು ಕಷ್ಟ.

ಇದಕ್ಕೆ ದೊಡ್ಡ ತರಗತಿ ಬೇಡ. ಗೂಡಿನ ಒಂದು ಸಾಲು ಕನ್ನಡಕ್ಕಿರಲಿ, ದಿನಕ್ಕೆ ಹದಿನೈದು ನಿಮಿಷ ಅದಕ್ಕೆಂದು ಇರಲಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದನೇ ತರಗತಿಯ ಕನ್ನಡ ಪುಸ್ತಕ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತದೆ. ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿರುವುದರಿಂದ ಅಲ್ಲಿನ ಬಾಲಭಾರತಿಯೂ ಕನ್ನಡದಲ್ಲಿ ಪಠ್ಯಪುಸ್ತಕ ಪ್ರಕಟಿಸುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕನ್ನಡ ಚಿತ್ರಕಥೆಗಳನ್ನು ಹಣವಿಲ್ಲದೆ ಓದಬಹುದು, ಮುದ್ರಿಸಿಕೊಳ್ಳಲೂಬಹುದು. ನಾಲ್ಕು ಕಥೆ ಪ್ರಿಂಟ್ ಹಾಕಿಸಿ ಹೊಲಿದರೆ ಮೊದಲ ಕನ್ನಡ ಪುಸ್ತಕ ತಯಾರು. ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಅಕ್ಷರ ತಿದ್ದಿಸುವ ಕೆಲಸ ಅವರಿಗೇ ಒಪ್ಪಿಸಿ.

ಮನೆಯಲ್ಲಿ ಆಗಲೇ ಇಲ್ಲವೆಂದರೆ

ಕೆಲವು ಮನೆಗಳಲ್ಲಿ ಏನು ಮಾಡಿದರೂ ಜಾಗ ಹೊಂದುವುದಿಲ್ಲ. ಆಗ ಹೊರಗೆ ನೋಡಿ. ಮುಂಬೈ, ಪುಣೆಯ ಹಲವು ಬಡಾವಣೆಗಳಲ್ಲಿ 'ಅಭ್ಯಾಸಿಕಾ' ಎಂಬ ಓದುಕೋಣೆಗಳಿವೆ. ಚೆನ್ನೈಯ ಕೊಟ್ಟೂರ್‌ಪುರಂನ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ದೆಹಲಿ ಪಬ್ಲಿಕ್ ಲೈಬ್ರರಿಗೆ ಊರಿನ ಹಲವೆಡೆ ಶಾಖೆಗಳಿವೆ. ಹೌಸಿಂಗ್ ಸೊಸೈಟಿಯ ಕಚೇರಿ ಸಂಜೆ ಖಾಲಿ ಇದ್ದರೆ ಮಕ್ಕಳಿಗೆ ಒಂದು ಗಂಟೆ ಕೊಡಿ ಎಂದು ನಾಲ್ಕು ಮನೆಯವರು ಸೇರಿ ಕೇಳಬಹುದು. ನಿಮ್ಮ ಊರಿನ ಕನ್ನಡ ಸಂಘದ ಸಭಾಂಗಣವನ್ನೂ ಕೇಳಿ ನೋಡಿ. ಹಗಲೆಲ್ಲ ಹೋಟೆಲ್‌ನಲ್ಲಿ ದುಡಿದು, ಮುಂಬೈಯ ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ಕೂತು ಕಲಿತು ಮೇಲೆ ಬಂದವರ ಒಂದು ತಲೆಮಾರೇ ನಮ್ಮಲ್ಲಿದೆ. ಓದಲು ಜಾಗ ಸಿಗುವುದೆಂದರೆ ಏನು ಎಂದು ಅವರಿಗೆ ವಿವರಿಸಿ ಹೇಳಬೇಕಿಲ್ಲ.

ಈಗ ಮತ್ತೆ ಆ ಡೊಂಬಿವಲಿಯ ಮನೆಗೆ ಬರೋಣ. ಮಂಚ ಮತ್ತು ಬೀರುವಿನ ನಡುವೆ ಚಾಪೆ, ಕಿರುಮೇಜು, ತಗ್ಗಿಸಿದ ಒಂದು ಬಲ್ಬ್. ಆರಕ್ಕೆ ಟಿವಿ ಆರುತ್ತದೆ. ತಮ್ಮನಿಗೆ ನೀರು ಕೊಡುವುದು ಅಪ್ಪನ ಕೆಲಸವಾಗಿದೆ. ಏಳಕ್ಕೆ ಮಗಳು ಬುಟ್ಟಿ ಎತ್ತಿಟ್ಟು, ಅಜ್ಜಿಯ ಪಕ್ಕ ಕೂತು ಧಾರಾವಾಹಿ ನೋಡುತ್ತಾಳೆ. ಪುಸ್ತಕದಲ್ಲಿ ಹತ್ತೂ ಲೆಕ್ಕ ಆಗಿದೆ. ಎರಡು ತಪ್ಪಿರಬಹುದು, ತಿದ್ದಲು ನಾಳೆ ಮತ್ತೊಂದು ಗಂಟೆ ಇದೆ.

ನಿಮ್ಮ ಮನ��ಯಲ್ಲಿ ಇಂದೇ ಮಾಡಬಹುದಾದದ್ದು ಇಷ್ಟು: ಮಗುವನ್ನು ಜೊತೆಗೆ ಕರೆದುಕೊಂಡು ಮನೆಯೆಲ್ಲ ನೋಡಿ, 'ನಿನಗೆ ಯಾವ ಮೂಲೆ ಬೇಕು?' ಎಂದು ಕೇಳಿ. ಆ ಮೂಲೆಯಲ್ಲಿರುವ ಸಾಮಾನು ತೆಗೆಯಿರಿ. ಟಿವಿ ಎಷ್ಟು ಹೊತ್ತಿಗೆ ಆರಬೇಕೆಂದು ಮನೆಮಂದಿಯೆಲ್ಲ ಸೇರಿ ತೀರ್ಮಾನಿಸಿ. ಬಲ್ಬ್, ಮೇಜು ನಾಳೆ ತಂದರೂ ನಡೆಯುತ್ತದೆ.